ಫುಟ್‌ಬಾಲ್ ಋತು ಎಷ್ಟು ತಿಂಗಳು ನಡೆಯಬೇಕು?

ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣದ ಪ್ರೌಢಶಾಲೆಗಳಿಗೆ ಫುಟ್‌ಬಾಲ್ ಋತು ಮಳೆಯ ಜೊತೆಯಲ್ಲೇ ಬರುತ್ತದೆ. ಶಾಲೆಗಳು ಆರಂಭವಾಗಿ, ಆಲೂಗೆಡ್ಡೆ ಬಿತ್ತನೆ ಮುಗಿದು, ಆಕಾಶ ಇನ್ನೂ ತಿಳಿಯಾಗದಿರುವಾಗಲೇ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳ ದಿನಾಂಕ ಗೊತ್ತಾಗುತ್ತದೆ. ಮೊದಲು ತಾಲ್ಲೂಕು ಮಟ್ಟ, ಅಲ್ಲಿ ಗೆದ್ದರೆ ಜಿಲ್ಲಾ ಮಟ್ಟ, ಆಮೇಲೆ ಮೈಸೂರು ವಿಭಾಗ, ಕೊನೆಗೆ ರಾಜ್ಯ. ಸಾಮಾನ್ಯವಾಗಿ ಎಲ್ಲವೂ ಸೋತವರು ಹೊರನಡೆಯಬೇಕಾದ ನಾಕೌಟ್ ಪಂದ್ಯಗಳು. ಅರಕಲಗೂಡಿನ ಯಾವುದೋ ಶಾಲೆಯ ತಂಡ ಮೊದಲ ಪಂದ್ಯದಲ್ಲೇ ಸೋತರೆ ಆ ಹುಡುಗರ ಪಾಲಿಗೆ ಆ ವರ್ಷದ ಋತು ಒಂದು ಗಂಟೆಯಲ್ಲಿ ಮುಗಿದಂತೆ.

ಇದೇ ಹುಡುಗರು ಟಿವಿಯಲ್ಲೋ ಮೊಬೈಲಿನಲ್ಲೋ ನೋಡುವ ವೃತ್ತಿಪರ ಫುಟ್‌ಬಾಲಿನಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ನಡೆದಿರುವ ವಾದವೂ ಋತುವಿನ ಅವಧಿಯನ್ನು ಕುರಿತದ್ದೇ. ಲೀಗ್ ಎಷ್ಟು ತಿಂಗಳಿರಬೇಕು, ಒಂದು ತಂಡ ಎಷ್ಟು ಪಂದ್ಯ ಆಡಬೇಕು, ಅದರ ಖರ್ಚು ಯಾರದು ಎಂಬ ಪ್ರಶ್ನೆಗಳ ಸುತ್ತ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್ಎಫ್), ಕ್ಲಬ್‌ಗಳು, ವಾಣಿಜ್ಯ ಪಾಲುದಾರರು ಮತ್ತು ಏಷ್ಯಾ ಫುಟ್‌ಬಾಲ್ ಒಕ್ಕೂಟ (ಎಎಫ್‌ಸಿ) ಹಗ್ಗಜಗ್ಗಾಟ ನಡೆಸಿವೆ. ಕನ್ನಡಿಗರ ಮಟ್ಟಿಗೆ ಈ ಚರ್ಚೆಯನ್ನು ಅರ್ಥ ಮಾಡಿಕೊಳ್ಳಲು ಬೆಂಗಳೂರು ಎಫ್‌ಸಿ ತಂಡದ ಪಂದ್ಯಪಟ್ಟಿಯೊಂದೇ ಸಾಕು.

24ರಿಂದ 16ಕ್ಕೆ, ಮತ್ತೆ 24ಕ್ಕೆ

ಬೆಂಗಳೂರು ಎಫ್‌ಸಿ ಸ್ಥಾಪನೆಯಾದದ್ದು 2013ರಲ್ಲಿ. ಅದೇ ವರ್ಷ ಐ-ಲೀಗಿಗೆ ಪದಾರ್ಪಣೆ ಮಾಡಿ, 2014ರ ಏಪ್ರಿಲ್‌ನಲ್ಲಿ ಪ್ರಶಸ್ತಿ ಗೆದ್ದಿತು. ಆ ಋತುವಿನಲ್ಲಿ 13 ತಂಡಗಳಿದ್ದವು. ಬೆಂಗಳೂರು 24 ಪಂದ್ಯಗಳನ್ನು ಆಡಿ 47 ಅಂಕ ಗಳಿಸಿತು. ಸೆಪ್ಟೆಂಬರ್‌ನಲ್ಲಿ ಆರಂಭವಾದ ಲೀಗ್ ಮುಗಿದಾಗ ಏಪ್ರಿಲ್ ಕೊನೆಯಾಗಿತ್ತು. ಅಂದರೆ ಏಳು ತಿಂಗಳ ಋತು ಭಾರತಕ್ಕೆ ಹೊಸದೇನೂ ಆಗಿರಲಿಲ್ಲ.

ಅದೇ 2014ರ ಅಕ್ಟೋಬರ್ 12ರಂದು ಕೋಲ್ಕತ್ತದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಆರಂಭವಾಯಿತು. ಎಂಟು ತಂಡಗಳು, 61 ಪಂದ್ಯಗಳು. ಡಿಸೆಂಬರ್ 20ರಂದು ಫೈನಲ್. ಎಲ್ಲ ಸೇರಿ ಎಪ್ಪತ್ತು ದಿನ. ಐಪಿಎಲ್ ಮಾದರಿಯನ್ನು ಕಣ್ಮುಂದೆ ಇಟ್ಟುಕೊಂಡೇ ಇದನ್ನು ರೂಪಿಸಲಾಗಿತ್ತು. ಅವಧಿ ಚಿಕ್ಕದಾಗಿದ್ದುದರಿಂದಲೇ ಡೆಲ್ ಪಿಯೆರೊ, ಪಿರೆಸ್, ಟ್ರೆಜೆಗೆ, ಯುಂಗ್‌ಬರ್ಗ್ ಅವರಂಥ, ವೃತ್ತಿಜೀವನದ ಸಂಧ್ಯಾಕಾಲದಲ್ಲಿದ್ದ ತಾರೆಯರನ್ನು ಕರೆತರುವುದು ಸುಲಭವಾಯಿತು. ಹತ್ತು ವಾರ ಬಂದು ಹೋಗುವುದು ಬೇರೆ, ಹತ್ತು ತಿಂಗಳು ನೆಲೆಸುವುದು ಬೇರೆ. ಕ್ರೀಡಾಂಗಣಗಳು ತುಂಬಿದವು; ಫುಟ್‌ಬಾಲನ್ನು ಮರೆತಿದ್ದ ಪತ್ರಿಕೆಗಳ ಕ್ರೀಡಾಪುಟಗಳೂ ತುಂಬಿದವು. ಇದನ್ನು ಸಣ್ಣ ಸಾಧನೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಈ ಎಪ್ಪತ್ತು ದಿನಗಳಿಗೆ ಜಾಗ ಮಾಡಿಕೊಡಲು ಐ-ಲೀಗ್ ಕುಗ್ಗಬೇಕಾಯಿತು. 2014-15ರಲ್ಲಿ ಜನವರಿಯಿಂದ ಮೇವರೆಗೆ 11 ತಂಡಗಳು ತಲಾ 20 ಪಂದ್ಯ ಆಡಿದವು. 2015-16ರಲ್ಲಿ ತಂಡಗಳ ಸಂಖ್ಯೆ ಒಂಬತ್ತಕ್ಕೆ ಇಳಿದು, ತಲಾ 16 ಪಂದ್ಯಗಳಷ್ಟೇ ಉಳಿದವು. ಆ ವರ್ಷ ಬೆಂಗಳೂರು ಎರಡನೇ ಬಾರಿ ಚಾಂಪಿಯನ್ ಆಯಿತು. ಲೀಗ್ ನಾಲ್ಕು ತಿಂಗಳೂ ನಡೆಯಲಿಲ್ಲ. ಒಂದೇ ದೇಶದಲ್ಲಿ ಎರಡು ಲೀಗ್, ಒಬ್ಬನೇ ಆಟಗಾರನಿಗೆ ಇಬ್ಬರು ಯಜಮಾನರು ಎಂಬ ವಿಚಿತ್ರ ವ್ಯವಸ್ಥೆ ಅದು. ಬೆಂಗಳೂರಿನ ನಾಯಕ ಸುನಿಲ್ ಚೆಟ್ರಿ 2015 ಮತ್ತು 2016ರ ಐಎಸ್ಎಲ್‌ನಲ್ಲಿ ಮುಂಬೈ ಸಿಟಿ ಪರ ಆಡಿ, ಆ ಮೇಲೆ ಕಂಠೀರವ ಕ್ರೀಡಾಂಗಣಕ್ಕೆ ಮರಳುತ್ತಿದ್ದರು. ಎರಡೂ ತಂಡಗಳ ಅಂಗಿ ನೀಲಿಯೇ ಆಗಿದ್ದುದು ಅಭಿಮಾನಿಗಳಿಗೆ ಉಳಿದ ಒಂದೇ ಸಮಾಧಾನವಾಗಿತ್ತೇನೋ.

2017ರ ಜೂನ್‌ನಲ್ಲಿ ಕ್ವಾಲಾಲಂಪುರದಲ್ಲಿ ಎಎಫ್‌ಸಿ ಎಲ್ಲರನ್ನೂ ಕೂರಿಸಿ ಮಾತನಾಡಿಸಿದ ಬಳಿಕ ಎರಡೂ ಲೀಗ್‌ಗಳು ಏಕಕಾಲದಲ್ಲಿ ನಡೆಯತೊಡಗಿದವು. ಬೆಂಗಳೂರು ಮತ್ತು ಜಮ್ಷೆಡ್‌ಪುರ ಐಎಸ್ಎಲ್ ಸೇರಿ ತಂಡಗಳು ಹತ್ತಾದವು, ಪಂದ್ಯಗಳು 95ಕ್ಕೆ ಏರಿದವು, ಅವಧಿ ನಾಲ್ಕು ತಿಂಗಳಾಯಿತು. 2019ರ ಅಕ್ಟೋಬರ್‌ನಲ್ಲಿ ಅಂತಿಮಗೊಂಡ ಮಾರ್ಗಸೂಚಿಯಲ್ಲಿ ಐಎಸ್ಎಲ್‌ಗೆ ದೇಶದ ಪ್ರಧಾನ ಲೀಗ್ ಎಂಬ ಮಾನ್ಯತೆ ದೊರೆಯಿತು. ಅಲ್ಲಿಂದ ಏರಿಕೆ ನಿರಂತರ: 2022-23ರಲ್ಲಿ 11 ತಂಡ, 117 ಪಂದ್ಯ, 2023-24ರಲ್ಲಿ 12 ತಂಡ, 139 ಪಂದ್ಯ, 2024-25ರಲ್ಲಿ 13 ತಂಡ, 163 ಪಂದ್ಯ. ಆ ಕೊನೆಯ ಋತು 2024ರ ಸೆಪ್ಟೆಂಬರ್ 13ರಿಂದ 2025ರ ಏಪ್ರಿಲ್ 12ರವರೆಗೆ, ಸರಿಯಾಗಿ ಏಳು ತಿಂಗಳು ನಡೆಯಿತು. ಪ್ರತಿ ತಂಡಕ್ಕೂ 24 ಲೀಗ್ ಪಂದ್ಯ. ಪ್ಲೇಆಫ್ ಮೂಲಕ ಫೈನಲ್ ತಲುಪಿ ಮೋಹನ್ ಬಾಗಾನ್ ಎದುರು 1-2ರಿಂದ ಸೋತ ಬೆಂಗಳೂರು ಒಟ್ಟು 28 ಪಂದ್ಯ ಆಡಿತು.

ಋತು ಹಿಗ್ಗಿತು ಎಂದು ನಾವು ಕರೆಯುವುದು ನಿಜದಲ್ಲಿ 2013-14ರಲ್ಲಿ ಇದ್ದ ಸ್ಥಳಕ್ಕೆ ಹನ್ನೊಂದು ವರ್ಷಗಳ ಬಳಿಕ ಮರಳಿದ್ದು ಮಾತ್ರ.

ಕಾರ್ಖಾನೆಯ ಸಂಬಳ, ಕ್ಲಬ್ಬಿನ ಒಪ್ಪಂದ

ಋತುವಿನ ಅವಧಿ ಯಾಕೆ ಇಷ್ಟು ದೊಡ್ಡ ವಿಷಯವಾಗಬೇಕು ಎಂದು ಹಳೆಯ ತಲೆಮಾರಿನ ಬೆಂಗಳೂರಿನ ಆಟಗಾರರನ್ನು ಕೇಳಿದರೆ ಅವರಿಗೆ ಪ್ರಶ್ನೆಯೇ ಅರ್ಥವಾಗದಿರಬಹುದು. ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್ಎಎಲ್), ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ಗಳಂಥ (ಐಟಿಐ) ಸಾರ್ವಜನಿಕ ಉದ್ಯಮಗಳ ತಂಡಗಳೇ ನಗರದ ಫುಟ್‌ಬಾಲನ್ನು ಹಲವು ದಶಕ ಹೊತ್ತು ನಡೆದವು. ಆಟಗಾರ ಅಲ್ಲಿ ನೌಕರ. ಲೀಗ್ ಮೂರು ತಿಂಗಳು ನಡೆಯಲಿ, ಆರು ತಿಂಗಳು ನಡೆಯಲಿ, ಮಳೆಗೆ ಪಂದ್ಯ ಮುಂದಕ್ಕೆ ಹೋಗಲಿ, ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ಮೊಣಕಾಲು ಕೈಕೊಟ್ಟರೂ ಕುರ್ಚಿ, ಮೇಜು, ಭವಿಷ್ಯನಿಧಿ ಉಳಿಯುತ್ತಿದ್ದವು. ಮೈಸೂರು ರಾಜ್ಯ 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ನಾಲ್ಕನೇ ಬಾರಿ ಗೆದ್ದ ಕಾಲದ ಫುಟ್‌ಬಾಲ್ ನಿಂತಿದ್ದು ಇಂಥ ತಳಹದಿಯ ಮೇಲೆ.

ವೃತ್ತಿಪರತೆ ಬಂದಂತೆ ಈ ತಳಹದಿ ಕರಗಿತು. ಕ್ಲಬ್‌ಗಳಿಗೆ ಪರವಾನಗಿ ನಿಯಮಗಳು ಬಿಗಿಯಾದವು. ಇಲಾಖಾ ತಂಡಗಳು ಅವುಗಳಿಗೆ ಹೊಂದಿಕೊಳ್ಳಲಾರದೆ ಹಿಂದೆ ಬಿದ್ದವು. ಎಚ್ಎಎಲ್ ಐ-ಲೀಗಿನಲ್ಲಿ ಕೊನೆಯದಾಗಿ ಆಡಿದ್ದು 2011-12ರಲ್ಲಿ. ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ಅವುಗಳ ಬದಲಿಗೆ ಬಂದ ಕ್ಲಬ್‌ಗಳು ಹೆಚ್ಚು ಹಣ ಕೊಟ್ಟವು, ಒಳ್ಳೆಯ ತರಬೇತಿ ಕೊಟ್ಟವು, ಆದರೆ ನೌಕರಿ ಕೊಡಲಿಲ್ಲ, ಒಪ್ಪಂದ ಕೊಟ್ಟವು. ಒಪ್ಪಂದಕ್ಕೆ ಆರಂಭವಿದೆ, ಅಂತ್ಯವೂ ಇದೆ. ಆಗ ಋತುವಿನ ಅವಧಿ ಎಂಬುದು ಒಬ್ಬ ಆಟಗಾರನ ಮನೆಗೆ ವರ್ಷದಲ್ಲಿ ಎಷ್ಟು ತಿಂಗಳು ಸಂಬಳ ಬರುತ್ತದೆ ಎಂಬ ಲೆಕ್ಕವಾಯಿತು.

ಅಗ್ರ ಶ್ರೇಣಿಯ ಆಟಗಾರರಿಗೆ ಬಹುವರ್ಷಗಳ ಒಪ್ಪಂದಗಳಿರುತ್ತವೆ. ಬಿಸಿ ತಟ್ಟುವುದು ಅವರ ಕೆಳಗಿನ ಸಾಲಿಗೆ. ಎರಡನೇ, ಮೂರನೇ ಹಂತದ ಲೀಗ್‌ಗಳಲ್ಲಿ ಆಡುವವರು ಋತುವಿನ ಮಟ್ಟಿಗೆ ಸಹಿ ಹಾಕುತ್ತಾರೆ. ಉಳಿದ ತಿಂಗಳುಗಳಲ್ಲಿ ಕೇರಳದ ಸೆವೆನ್ಸ್ ಪಂದ್ಯಾವಳಿಗಳು, ಊರೂರಿನ ನಗದು ಬಹುಮಾನದ ಟೂರ್ನಿಗಳು ಅನೇಕರ ಕೈ ಹಿಡಿಯುತ್ತವೆ. ವಿಮೆಯಿಲ್ಲದ ಆ ಒರಟು ಅಂಗಳಗಳಲ್ಲಿ ಕಾಲು ಮುರಿದುಕೊಂಡವನನ್ನು ಮುಂದಿನ ಋತುವಿಗೆ ಯಾವ ಕ್ಲಬ್ಬೂ ಕೇಳುವುದಿಲ್ಲ. ಋತು ಉದ್ದವಾಗಬೇಕು ಎಂಬ ವಾದಗಳಲ್ಲಿ ಇದು ಅತ್ಯಂತ ಗಟ್ಟಿಯಾದುದು ಎಂಬುದು ಈ ಲೇಖಕನ ಅಭಿಪ್ರಾಯ. ಟಿವಿ ಚರ್ಚೆಗಳಲ್ಲಿ ಅತ್ಯಂತ ಕಡಿಮೆ ಕೇಳಿಬರುವುದೂ ಇದೇ.

ಹೆಚ್ಚು ಕೇಳಿಬಂದದ್ದು ಎಎಫ್‌ಸಿ ನಿಯಮ. ಏಷ್ಯಾ ಮಟ್ಟದ ಕ್ಲಬ್ ಟೂರ್ನಿಗಳಲ್ಲಿ ಸ್ಥಾನ ಬೇಕಿದ್ದರೆ ಒಂದು ಕ್ಲಬ್ ಋತುವಿನಲ್ಲಿ ಇಂತಿಷ್ಟು ಸ್ಪರ್ಧಾತ್ಮಕ ಪಂದ್ಯ ಆಡಿರಲೇಬೇಕು. ಮೊದಲು ಇದು 27 ಎಂದಿತ್ತು, ಇತ್ತೀಚೆಗೆ 24 ಎಂದಾಗಿದೆ. ಲೀಗ್ ಪಂದ್ಯಗಳಷ್ಟರಿಂದಲೇ ಈ ಸಂಖ್ಯೆ ಮುಟ್ಟದ ವರ್ಷಗಳಲ್ಲಿ 1888ರಲ್ಲಿ ಶಿಮ್ಲಾದಲ್ಲಿ ಆರಂಭಗೊಂಡ ಡ್ಯುರಾಂಡ್ ಕಪ್ ಮತ್ತು ಸೂಪರ್ ಕಪ್‌ಗಳನ್ನು ಲೀಗಿನ ಹಿಂದೆ ಮುಂದೆ ಜೋಡಿಸಿ ಋತುವನ್ನು ಹಿಗ್ಗಿಸಲಾಯಿತು. 2022-23ರಲ್ಲಿ ಆಗಸ್ಟ್‌ನ ಡ್ಯುರಾಂಡ್‌ನಿಂದ ಏಪ್ರಿಲ್‌ನ ಸೂಪರ್ ಕಪ್‌ವರೆಗೆ ಒಂಬತ್ತು ತಿಂಗಳ ಪಂದ್ಯಪಟ್ಟಿ ಸಿದ್ಧವಾದದ್ದು ಹೀಗೆ. ಆ ವರ್ಷ ಬೆಂಗಳೂರು ಮೂರರಲ್ಲೂ ಫೈನಲ್ ತಲುಪಿತು. ಗೆದ್ದದ್ದು ಡ್ಯುರಾಂಡ್ ಮಾತ್ರ.

ಬೇಡ ಎನ್ನುವವರ ಮಾತು

ಋತು ಉದ್ದವಾಗುವುದನ್ನು ಒಪ್ಪದವರೆಲ್ಲ ಆಟದ ಶತ್ರುಗಳೇನಲ್ಲ. ಮೊದಲನೆಯದು ಖರ್ಚು. 24 ಲೀಗ್ ಪಂದ್ಯಗಳೆಂದರೆ 12 ಪಂದ್ಯಗಳಿಗೆ ಗುವಾಹಟಿ, ಜಮ್ಷೆಡ್‌ಪುರ, ಕೋಲ್ಕತ್ತ, ದಿಲ್ಲಿ ಎಂದು ಹಾರಬೇಕು. ಉಳಿದ 12ಕ್ಕೆ ಕ್ರೀಡಾಂಗಣದ ಬಾಡಿಗೆ, ಹೊನಲು ಬೆಳಕು, ಭದ್ರತೆ ಒದಗಿಸಬೇಕು. ಟಿಕೆಟ್ ಹಣದಿಂದ ಇದು ತೂಗುವುದಿಲ್ಲ. ಪ್ರಸಾರದ ಹಣ ಪಂದ್ಯಗಳ ಸಂಖ್ಯೆಯೊಡನೆ ಏರಲೂ ಇಲ್ಲ. 61 ಪಂದ್ಯಗಳಿದ್ದಾಗ ಪ್ರತಿ ಪಂದ್ಯವೂ ಹಬ್ಬ. 163 ಆದಾಗ ಮಂಗಳವಾರದ ಪಂದ್ಯಕ್ಕೆ ಯಾರು ಬರುತ್ತಾರೆ? ಈ ಭಯದಿಂದಲೇ 2022-23ರಲ್ಲಿ ಪಂದ್ಯಗಳನ್ನು ಗುರುವಾರದಿಂದ ಭಾನುವಾರದ ಒಳಗೆ ಇರಿಸಿದರು. ವಾರಾಂತ್ಯಗಳನ್ನಷ್ಟೇ ಬಳಸಿದರೆ ತಿಂಗಳುಗಳು ತಾನಾಗಿ ಹೆಚ್ಚುತ್ತವೆ.

ಎರಡನೆಯದು ಹವಾಮಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಏಪ್ರಿಲ್-ಮೇ ತಿಂಗಳಲ್ಲಿ ಉತ್ತರ ಹಾಗೂ ಪೂರ್ವ ಭಾರತದ ಬಿಸಿಲು. ಇವೆರಡರ ನಡುವೆ ಉಳಿಯುವುದು ಆರೇಳು ತಿಂಗಳ ಕಿಂಡಿ. ಅದರ ಕೊನೆಯ ಭಾಗವನ್ನು ಐಪಿಎಲ್ ಆಕ್ರಮಿಸುತ್ತದೆ. ಜಪಾನಿನಲ್ಲಿ ಇದೇ ಬಗೆಯ ಚರ್ಚೆ ಹಿಮದ ಸುತ್ತ ನಡೆಯಿತು. ಅಲ್ಲಿನ ಜೆ-ಲೀಗ್ ವಸಂತದಲ್ಲಿ ಆರಂಭವಾಗುತ್ತಿದ್ದ ತನ್ನ ಋತುವನ್ನು 2026-27ರಿಂದ ಶರತ್ಕಾಲಕ್ಕೆ ಬದಲಿಸಲು 2023ರ ಕೊನೆಯಲ್ಲಿ ತೀರ್ಮಾನಿಸಿತು. ಹಿಮ ಬೀಳುವ ವಾರಗಳಿಗೆ ನಡುವೆ ಬಿಡುವು ಇಟ್ಟಿತು.

ಮೂರನೆಯದು ರಾಷ್ಟ್ರೀಯ ತಂಡ. ಋತು ಹಿಗ್ಗಿದಷ್ಟೂ ತರಬೇತಿ ಶಿಬಿರಕ್ಕೆ ದಿನಗಳು ಸಿಗುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಇದು ನಗೆಪಾಟಲಾಯಿತು. ಐಎಸ್ಎಲ್ ಆರಂಭ ಸೆಪ್ಟೆಂಬರ್ 21ಕ್ಕೆ ನಿಗದಿಯಾಗಿತ್ತು. ಏಷ್ಯನ್ ಕ್ರೀಡಾಕೂಟ ಫಿಫಾ ಕಿಟಕಿಯ ಹೊರಗಿದ್ದುದರಿಂದ ಆಟಗಾರರನ್ನು ಬಿಡುವ ಬಾಧ್ಯತೆ ಕ್ಲಬ್‌ಗಳಿಗೆ ಇರಲಿಲ್ಲ. ಎಳೆದಾಡಿ ಕಟ್ಟಿದ ತಂಡ ಪಂದ್ಯದ ಮುನ್ನಾದಿನ ಚೀನಾ ತಲುಪಿ, ಮರುದಿನ ಆತಿಥೇಯರ ಎದುರು 1-5ರಿಂದ ಸೋತಿತು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಮೂರೂ ಪಂದ್ಯ ಸೋತು, ಒಂದೂ ಗೋಲು ಹೊಡೆಯದೆ ಮರಳಿತು. ಇದಕ್ಕೆಲ್ಲ ಋತುವಿನ ಉದ್ದವೇ ಕಾರಣ ಎಂದರೆ ಅತಿಯಾದೀತು. ಆದರೆ ಪಂದ್ಯಪಟ್ಟಿ ರಚಿಸುವವರು ಒಬ್ಬರು, ರಾಷ್ಟ್ರೀಯ ತಂಡ ನೋಡಿಕೊಳ್ಳುವವರು ಇನ್ನೊಬ್ಬರು ಎಂಬಂತೆ ನಡೆದುಕೊಂಡದ್ದು ಅಲ್ಲಿ ಕಣ್ಣಿಗೆ ರಾಚಿತು.

ಯುರೋಪಿನ ಆಟಗಾರರ ದೂರು ಇದಕ್ಕೆ ನೇರ ವಿರುದ್ಧವಾದುದು. ಅಲ್ಲಿ 2024-25ರಿಂದ ಚಾಂಪಿಯನ್ಸ್ ಲೀಗ್ ಹಿಗ್ಗಿತು, 2025ರ ಬೇಸಿಗೆಯಲ್ಲಿ 32 ತಂಡಗಳ ಕ್ಲಬ್ ವಿಶ್ವಕಪ್ ಬಂದಿತು. ಆಟಗಾರರ ಸಂಘ ಫಿಫ್‌ಪ್ರೊ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತು. ಅಲ್ಲಿ ಪಂದ್ಯ ಹೆಚ್ಚಾಗಿ ದೇಹ ಸವೆಯುತ್ತಿದೆ, ಇಲ್ಲಿ ಪಂದ್ಯವಿಲ್ಲದೆ ದೇಹ ತುಕ್ಕು ಹಿಡಿಯುತ್ತಿದೆ. ಅಲ್ಲಿನ ವಾದವನ್ನು ಎತ್ತಿ ತಂದು ಇಲ್ಲಿ ನೆಡುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಮತ್ತೆ ಹದಿಮೂರಕ್ಕೆ

ಏಳು ತಿಂಗಳ ಋತುವಿನ ಅಡಿಪಾಯ ಎಷ್ಟು ತೆಳುವಾಗಿತ್ತು ಎಂಬುದು 2025ರಲ್ಲಿ ಬಯಲಾಯಿತು. 2010ರ ಡಿಸೆಂಬರ್‌ನಲ್ಲಿ ಎಐಎಫ್ಎಫ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳಿಗೆ 700 ಕೋಟಿ ರೂಪಾಯಿಗೆ ಐಎಂಜಿ-ರಿಲಯನ್ಸ್‌ಗೆ ಬಿಟ್ಟುಕೊಟ್ಟಿತ್ತು. ಆ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ನವೀಕರಣ ಇತ್ಯರ್ಥವಾಗದ ಕಾರಣ, ಲೀಗ್ ನಡೆಸುತ್ತಿದ್ದ ಸಂಸ್ಥೆ ಜುಲೈನಲ್ಲಿ 2025-26ರ ಐಎಸ್ಎಲ್ ಅನ್ನು ತಡೆಹಿಡಿದಿರುವುದಾಗಿ ಕ್ಲಬ್‌ಗಳಿಗೆ ತಿಳಿಸಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಅವಧಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ಋತು ಇಲ್ಲವಾದರೆ ಸಂಬಳವೂ ಇಲ್ಲ ಎಂಬುದು ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಬರವಣಿಗೆಯಲ್ಲಿ ಬಂದಿರಲಿಲ್ಲ.

ಅಕ್ಟೋಬರ್‌ನಲ್ಲಿ ಎಐಎಫ್ಎಫ್ ಹೊಸ ಟೆಂಡರ್ ಕರೆಯಿತು. ನವೆಂಬರ್ 7ರ ಗಡುವು ಮುಗಿದಾಗ ಒಂದೂ ಬಿಡ್ ಬಂದಿರಲಿಲ್ಲ. ಕೊನೆಗೆ ಕೇಂದ್ರ ಕ್ರೀಡಾ ಸಚಿವಾಲಯದ ಮಧ್ಯಪ್ರವೇಶದಿಂದ 2026ರ ಫೆಬ್ರುವರಿ 14ರಂದು ಲೀಗ್ ಆರಂಭವಾಯಿತು: 14 ತಂಡ, ಒಂದೇ ಸುತ್ತು, 91 ಪಂದ್ಯಗಳ ಪಟ್ಟಿ. ಪ್ರತಿ ಕ್ಲಬ್‌ಗೆ 13 ಪಂದ್ಯ. 2014ರ ಹತ್ತು ವಾರಗಳ ಲೀಗಿನಲ್ಲೂ 14 ಇದ್ದವು! ಎಎಫ್‌ಸಿಯ 24 ಪಂದ್ಯಗಳ ನಿಯಮದಿಂದ ವಿನಾಯಿತಿ ಕೋರಿ ಪತ್ರ ಬರೆಯುವ ಸ್ಥಿತಿ ಎಐಎಫ್ಎಫ್‌ಗೆ ಒದಗಿತು.

ತಂಡಗಳನ್ನು ಸೇರಿಸಿ, ಸುತ್ತುಗಳನ್ನು ಹೆಚ್ಚಿಸಿ ಋತುವನ್ನು ಮೇಲಿನಿಂದ ಹಿಗ್ಗಿಸಿದರೆ, ಮೇಲೆ ಕೂತ ಒಬ್ಬ ಪಾಲುದಾರ ಎದ್ದುಹೋದ ದಿನ ಅದು ಮತ್ತೆ ಕುಗ್ಗುತ್ತದೆ. ಕೆಳಗಿನ ಹಂತಗಳಲ್ಲಿ ಋತು ಎಂಬುದೇ ಇಲ್ಲದಿರುವಾಗ ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇರುವುದಿಲ್ಲ.

ಕ್ಲಬ್‌ಗಳ ಯುವ ತಂಡಗಳಿಗೆಂದು 2022ರಲ್ಲಿ ಗೋವಾದಲ್ಲಿ ಆರಂಭವಾದ ಡೆವಲಪ್‌ಮೆಂಟ್ ಲೀಗನ್ನೇ ನೋಡಿ. ಎಂಟು ತಂಡ, ತಲಾ ಏಳು ಪಂದ್ಯ, ಒಂದು ತಿಂಗಳೊಳಗೆ ಮುಕ್ತಾಯ. ಬೆಂಗಳೂರಿನ ಹುಡುಗರೇ ಚೊಚ್ಚಲ ಪ್ರಶಸ್ತಿ ಗೆದ್ದರು. ಸಂತೋಷವೇ, ಆದರೆ ಏಳು ಪಂದ್ಯಗಳಲ್ಲಿ ಹದಿನೆಂಟರ ಹುಡುಗ ಏನು ಕಲಿಯುತ್ತಾನೆ? ರಾಜ್ಯ ತಂಡ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದಿತು. 2023-24ರ ಐ-ಲೀಗ್ 2 ಪ್ರಶಸ್ತಿಯನ್ನು ಎಸ್‌ಸಿ ಬೆಂಗಳೂರು ಗೆದ್ದಿತು. ಪ್ರತಿಭೆಗೆ ಬರವಿಲ್ಲ ಎಂಬುದಕ್ಕೆ ಇವಿಷ್ಟು ಸಾಕು. ಬರವಿರುವುದು ಅಂಗಳಕ್ಕೆ. ಕಂಠೀರವದಲ್ಲಿ ಫುಟ್‌ಬಾಲ್ ಮತ್ತು ಅಥ್ಲೆಟಿಕ್ಸ್ ಒಂದೇ ಜಾಗಕ್ಕಾಗಿ ಕಿತ್ತಾಡಿ ವಿಷಯ ಹೈಕೋರ್ಟ್ ಮೆಟ್ಟಿಲೇರಿದ್ದನ್ನು ಓದುಗರು ಮರೆತಿರಲಾರರು.

ಎಂಟು ತಾಲ್ಲೂಕು, ಎಂಟು ತಂಡ

ಇನ್ನು ನಮ್ಮ ನಾಲ್ಕು ಊರುಗಳ ಮಾತು. ಚನ್ನರಾಯಪಟ್ಟಣದ ಅಭಿಮಾನಿ ಇಂದು ಬೆಂಗಳೂರಿನ ಸಂಜೆಯ ಪಂದ್ಯಕ್ಕೆ ಹೋಗುವುದು ಅಸಾಧ್ಯವೇನಲ್ಲ. ಹೆದ್ದಾರಿಯಿದೆ, 2017ರ ಮಾರ್ಚ್‌ನಿಂದ ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಾಗಿ ರೈಲೂ ಇದೆ. ರಾತ್ರಿ ಪಂದ್ಯ ಮುಗಿದ ಮೇಲೆ ಮರಳುವುದಷ್ಟೇ ತ್ರಾಸ. ಹೀಗಾಗಿ ಐಎಸ್ಎಲ್ ಐದು ತಿಂಗಳೋ ಒಂಬತ್ತು ತಿಂಗಳೋ ಎಂಬುದು ಈ ಭಾಗದಲ್ಲಿ ನೋಡುಗನ ಪ್ರಶ್ನೆ. ಆಡುಗನ ಪ್ರಶ್ನೆ ಬೇರೆ.

ಹಾಸನ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿವೆ. ತಾಲ್ಲೂಕಿಗೊಂದು ಶಾಲಾ ಬಾಲಕರ ತಂಡ, ತವರಿನಲ್ಲಿ ಒಂದು, ಎದುರಾಳಿಯ ಊರಿನಲ್ಲಿ ಒಂದು ಎಂದು ಲೀಗ್ ಆಡಿಸಿದರೆ ಒಟ್ಟು 56 ಪಂದ್ಯ, ತಂಡಕ್ಕೆ 14. 2014ರ ಐಎಸ್ಎಲ್ ಲೀಗ್ ಹಂತದ ಲೆಕ್ಕ ಕೂಡ ಇಷ್ಟೇ. ಬಾಲಕಿಯರಿಗೂ ಇದೇ ಪಟ್ಟಿ ಹೊಂದುತ್ತದೆ. ವಿಮಾನದ ಅಗತ್ಯವಿಲ್ಲ, ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಪ್ರತಿಯೊಂದಕ್ಕೂ ಬಸ್ಸಿನಲ್ಲಿ ಮೂವತ್ತು-ನಲವತ್ತು ಕಿಲೋಮೀಟರು. ಅತಿ ಕಷ್ಟದ ಪ್ರಯಾಣ ಸಕಲೇಶಪುರದ್ದು, ಅದೂ ಮಳೆಗಾಲದಲ್ಲಿ.

ಆದ್ದರಿಂದ ಮಳೆಗಾಲ ಬೇಡ. ಅರಕಲಗೂಡಿನ ಪಶ್ಚಿಮದ ಹೋಬಳಿಗಳಲ್ಲಿ ಜುಲೈ-ಆಗಸ್ಟ್‌ನ ಶಾಲಾ ಮೈದಾನ ಕೆಸರುಗದ್ದೆಯಾಗಿರುತ್ತದೆ. ಅದೇ ವೇಳೆ ಚನ್ನರಾಯಪಟ್ಟಣದ ಕಡೆ ನೆಲ ಗಟ್ಟಿಯಾಗಿಯೇ ಇರುವುದುಂಟು. ನೆರೆಯ ಕೊಡಗಿನವರು ಈ ವಿಷಯದಲ್ಲಿ ಜಾಣರು. 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಅವರು ಮಳೆಗೆ ಮುಂಚಿನ ಬೇಸಿಗೆ ರಜೆಗೆ ಕೂಡಿಸಿಕೊಂಡಿದ್ದಾರೆ. ಶಾಲಾ ಲೀಗಿಗೆ ಬೇಸಿಗೆ ರಜೆ ಒಗ್ಗದು, ಹುಡುಗರು ಊರಿನಲ್ಲಿರುವುದಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ. ಉಳಿಯುವುದು ನವೆಂಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗಿನ ಹದಿಮೂರು-ಹದಿನಾಲ್ಕು ಶನಿವಾರಗಳು. ಹಿಂಗಾರು ಹಿಂದೆ ಸರಿದು, ರಾಗಿ ಕೊಯ್ಲಿಗೆ ಬಂದು, ಮೈದಾನ ಒಣಗಿರುವ ಕಾಲ ಅದು.

ಬೇಕಾಗುವುದು ಪ್ರತಿ ತಾಲ್ಲೂಕಿನಲ್ಲಿ ಗೋಲುಕಂಬವಿರುವ ಒಂದು ಮೈದಾನ, ಸುಣ್ಣದ ಗೆರೆ, ಬಸ್ಸಿನ ಖರ್ಚು, ಮಧ್ಯಾಹ್ನದ ಊಟ. ಎಲ್ಲಕ್ಕಿಂತ ಕಷ್ಟದ್ದು ರೆಫ್ರಿ. ಶನಿವಾರಕ್ಕೆ ನಾಲ್ಕು ಪಂದ್ಯವೆಂದರೆ ನಾಲ್ಕು ರೆಫ್ರಿ, ಎಂಟು ಲೈನ್ಸ್‌ಮನ್. ಅಷ್ಟು ಜನ ದೈಹಿಕ ಶಿಕ್ಷಕರನ್ನು ಪ್ರತಿ ಶನಿವಾರ ಶಾಲೆಯಿಂದ ಬಿಡಿಸಬೇಕಾದರೆ ಇಲಾಖೆಯಿಂದ ಆದೇಶವೇ ಬೇಕಾಗುತ್ತದೆ.